ಬುಡಕ್ಕೆ ಏರಿಸಿದ ಮಣ್ಣು

ಗ್ರಂಥಾಲಯದ ಅಂಗಳದಲ್ಲಿ ಎರಡು ದೊಡ್ಡ ಮರಗಳಿವೆ. ವರ್ಷವಿಡೀ ಹಸಿರು, ವರ್ಷವಿಡೀ ನೆರಳು. ಕೆಳಗಿನ ನೆಲಕ್ಕೆ ಬಿಸಿಲೂ ಇಲ್ಲ, ಮಳೆ ಹನಿಯೂ ಇಲ್ಲ. ನಾವು ಹಾಕಿದ ನೀರನ್ನೆಲ್ಲ ಬೇರುಗಳೇ ಹೀರಿಬಿಡುತ್ತವೆ. ಮಾಲಿ ಕೆಲಸಕ್ಕೆ ನನ್ನನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡ ಗ್ರಂಥಪಾಲಕಿ, ಆ ಬೋಳು ನೆಲದಲ್ಲಿ ಹಸಿರು ಕಂಡರೆ ಕೆಲಸ ಖಾಯಂ ಎಂದಿದ್ದರು. ನನ್ನ ಮನೆ ನಡೆಯುವುದೇ ಆ ಕೆಲಸದಿಂದ.

ಗುದ್ದಲಿ ಹಾಕಿದಲ್ಲೆಲ್ಲ ಬೇರು. ನನಗೋ ಮೂಗಿನ ತುದಿಯಲ್ಲೇ ಕೋಪ. ಬೇರಿನ ಜೊತೆ ಗುದ್ದಾಡುವವರು ಯಾರೆಂದು ಮೂರು ಗಾಡಿ ಮಣ್ಣು ತರಿಸಿ, ಬುಡದ ಸುತ್ತ ಮೊಣಕಾಲೆತ್ತರ ಏರಿಸಿ, ಮೇಲೆ ನೆರಳಲ್ಲೂ ಬೆಳೆಯುವ ಜರೀಗಿಡ ನೆಟ್ಟೆ. ಚೆನ್ನಾಗಿ ಚಿಗುರಿದವು. ಓದಲು ಬಂದವರು ಪುಸ್ತಕ ಬಿಟ್ಟು ಗಿಡ ನೋಡತೊಡಗಿದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಗ್ರಂಥಪಾಲಕಿ ತೀರ್ಮಾನ ಹೇಳುವ ದಿನ ಬೆಳಿಗ್ಗೆ ನನ್ನ ಸೋದರಮಾವ ನೋಡಲು ಬಂದರು. ನನಗಿಂತ ಮೊದಲು ಮೂವತ್ತು ವರ್ಷ ಅಲ್ಲಿ ಮಾಲಿಯಾಗಿದ್ದವರು ಅವರೇ. ಹೊಗಳುತ್ತಾರೆಂದು ಕಾದೆ. ಅವರು ಮಣ್ಣಿನೊಳಗೆ ಕೈ ತೂರಿಸಿ ಕಾಂಡದ ತೊಗಟೆ ಮುಟ್ಟಿದರು.

"ಬೇರಿಗೂ ಉಸಿರು ಬೇಕು ಕಣಮ್ಮ. ಹೀಗೇ ಬಿಟ್ರೆ ಎರಡು ವರ್ಷದಲ್ಲಿ ಮರ ಹೋಗುತ್ತೆ."

ನಿಮಗೆ ಹೇಗೆ ಗೊತ್ತು ಎಂದು ರೇಗಿದೆ. ಅವರು ಗೇಟಿನ ಬಳಿಯ ಹಳೇ ಮೋಟು ತೋರಿಸಿದರು. ಅಲ್ಲಿದ್ದ ಮೂರನೇ ಮರ ಹುಳ ಹೊಡೆದು ಒಣಗಿತೆಂದೇ ಎಲ್ಲರೂ ನಂಬಿದ್ದಾರೆ.

"ಹುಳ ಅಲ್ಲ. ನಾನೂ ಹೀಗೇ ಮಣ್ಣು ಹಾಕಿದ್ದೆ. ತಪ್ಪು ಗೊತ್ತಾದ ಮೇಲೂ, ಕೆಲಸ ಹೋಗುತ್ತೆ ಅಂತ ಬಾಯಿ ಬಿಡಲಿಲ್ಲ."

ಮೊದಲು ಖಾಯಂ ಆಗಲಿ, ನಾಳೆ ತೆಗೆದರಾಯಿತು ಎಂದಿತು ಮನಸ್ಸು. ಆದರೆ ನಾಳೆ ತೆಗೆದರೂ ಕಾರಣ ಹೇಳಬೇಕು. ಹೇಳಲು ಧೈರ್ಯ ಸಾಲದೆ ನಾಳೆ ನಾಡಿದ್ದಾಗುತ್ತದೆ. ಮಾವನಿಗೆ ಆದದ್ದೂ ಅದೇ ಇರಬೇಕು. ಸಲಿಕೆ ಹಿಡಿದೆ. ಮಾವ ಬುಟ್ಟಿ ಹಿಡಿದರು.

ಅರ್ಧ ಮಣ್ಣು ತೆಗೆಯುವಷ್ಟರಲ್ಲಿ ಗ್ರಂಥಪಾಲಕಿ ಬಂದರು. ಕಿತ್ತು ಹಾಕಿದ ಜರೀಗಿಡಗಳನ್ನು ನೋಡಿ ದಂಗಾದರು. ಮಣ್ಣು ಏರಿಸಿ ಮರಕ್ಕೆ ಕುತ್ತು ತಂದ ತಪ್ಪು ನನ್ನದೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಮಾವನ ವಿಷಯ ಎತ್ತಲಿಲ್ಲ.

"ಈಗ ಮರ ಉಳಿಯುತ್ತಾ?" ಎಂದರು ಗ್ರಂಥಪಾಲಕಿ.

"ಗೊತ್ತಿಲ್ಲ ಮೇಡಂ. ಎರಡು ವರ್ಷ ನೋಡ್ಬೇಕು."

ಅವರು ತಲೆಯೆತ್ತಿ ಮರದ ತುದಿ ನೋಡಿದರು.

"ಹಾಗಾದ್ರೆ ನೀವೇ ಇದ್ದು ನೋಡ್ಕೊಳ್ಳಿ. ಮಧ್ಯಾಹ್ನ ಬಂದು ಖಾಯಂ ಕಾಗದಕ್ಕೆ ಸಹಿ ಹಾಕಿ."

ಅವರು ಒಳಗೆ ಹೋದರು. ನನಗೆ ಅಳು ಬಂತು. ಪಕ್ಕಕ್ಕೆ ತಿರುಗಿದರೆ ಮಾವ ಬುಟ್ಟಿ ಬಿಟ್ಟು ಮಣ್ಣಿನ ಮೇಲೆ ಕೂತಿದ್ದರು.

"ಇಷ್ಟೇನಾ," ಎಂದರು. "ಅವತ್ತು ಇಷ್ಟು ಹೇಳಿದ್ರೆ ಸಾಕಾಗಿತ್ತಾ?"