ಸೂದಾ ಬೆಟ್ಟದ ಬಿಳಿ ಬೆಡ್‌ಶೀಟ್

ಮದುವೆಯಾಗಿ ಮೂರು ವರ್ಷವಾದರೂ ರೋಯ್ಸ್ಟನ್ ಮತ್ತು ಹ್ಯಾಝೆಲ್ ಒಂದೇ ಮನೆಯಲ್ಲಿ ಸಂಸಾರ ಹೂಡಿರಲಿಲ್ಲ. ಇಬ್ಬರೂ ಸೌದಿಯಲ್ಲೇ ಇದ್ದರು. ಆದರೆ ಅವನು ರಿಯಾದಿನ ಒಲಾಯಾದಲ್ಲಿ, ವಿಮಾನದಿಂದ ನೆಲದ ಚಿತ್ರ ತೆಗೆಯುವ ಸರ್ವೆ ಕಂಪೆನಿಯ ತಂತ್ರಜ್ಞ. ಅವಳು ದೂರದ ಅಭಾದಲ್ಲಿ ನರ್ಸ್, ವಾಸ ಗಂಡಸರು ಕಾಲಿಡದ ಹಾಸ್ಟೆಲಿನಲ್ಲಿ. ಭೇಟಿ ಏನಿದ್ದರೂ ಇಬ್ಬರ ರಜೆ ಹೊಂದಿದಾಗ.

2016ರಲ್ಲಿ ಕಂಪೆನಿಗೆ ಕೆನಡಾದ ಉತ್ತರದ ಕೆಲಸ ಸಿಕ್ಕಿತು. ಹಿಮನಾಡಿನ ಅಂಚಿನ ಸೂಚಿಪರ್ಣ ಕಾಡುಗಳ ಮೇಲೆ ಹಾರಿ, ಎಲೆಗಳಿಂದ ಮರಳುವ ಬೆಳಕನ್ನು ಅಳೆದು, ಯಾವ ಮರ ಚೆನ್ನಾಗಿದೆ, ಯಾವುದು ಒಣಗುತ್ತಿದೆ ಎಂದು ಹೇಳಬೇಕು. ಅದಕ್ಕೆಂದು ಬಂದ ಹೊಸ ಕ್ಯಾಮೆರಾವನ್ನು ಮೊದಲು ಇಲ್ಲೇ ಪರೀಕ್ಷಿಸಬೇಕಿತ್ತು.

"ಮರಳಿನ ಮೇಲೆ ಎಂತ ಪರೀಕ್ಷೆ ಮಾಡುವುದು ಮಾರಾಯ? ಅಂಥ ಮರ ಈ ದೇಶದಲ್ಲಿ ಎಲ್ಲುಂಟು?" ಎಂದರು ಮ್ಯಾನೇಜರ್ ಅಬ್ದುಲ್ ಜಲೀಲ್, ಬಂಟ್ವಾಳದವರು.

"ಅಭಾದಲ್ಲುಂಟು ಸರ್," ರೋಯ್ಸ್ಟನ್ ಬಾಯಿಂದ ಥಟ್ಟನೆ ಬಂತು. "ಸೂದಾ ಬೆಟ್ಟದ ತುಂಬ ಜ್ಯೂನಿಪರ್. ಅದೂ ಸೂಚಿಪರ್ಣದ ಜಾತಿಯೇ."

ಜಲೀಲ್ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಅಭಾದಲ್ಲಿ ಜ್ಯೂನಿಪರ್ ಮಾತ್ರವಾ ಇರುವುದು?" ಆಮೇಲೆ ನಕ್ಕರು. "ಆಯ್ತು, ನೀನೇ ಹೋಗು."

ಅಭಾದಲ್ಲಿ ರೋಯ್ಸ್ಟನ್ ಬಾಡಿಗೆಗೆ ಫ್ಲಾಟ್ ಹಿಡಿದ. ಹ್ಯಾಝೆಲ್ ಉಳಿದಿದ್ದ ರಜೆಯನ್ನೆಲ್ಲ ಹಾಕಿದಳು. ಬೆಳಿಗ್ಗೆ ಇಬ್ಬರೂ ಬೆಟ್ಟ ಹತ್ತಿ ಮರಗಳ ಸುತ್ತಳತೆ ತೆಗೆಯುತ್ತಿದ್ದರು. ಟೇಪಿನ ಒಂದು ತುದಿ ಅವಳ ಕೈಯಲ್ಲಿ. ಅಷ್ಟರಲ್ಲಿ ಕಣಿವೆಯಿಂದ ಮೋಡ ಏರಿ ಬಂದು ಎದುರಿನ ಮರವೂ ಕಾಣದಂತಾಗುತ್ತಿತ್ತು. ವಿಮಾನ ಅಭಾದ ನಿಲ್ದಾಣದಲ್ಲಿ ಸುಮ್ಮನೆ ನಿಂತಿತ್ತು.

"ಮೋಡ ಹೋಯ್ತಾ?" ಜಲೀಲ್ ದಿನವೂ ಫೋನ್ ಮಾಡುತ್ತಿದ್ದರು.

"ಇಲ್ಲ ಸರ್," ಎನ್ನುವಾಗ ರೋಯ್ಸ್ಟನ್ ದನಿಯಲ್ಲಿ ಬೇಸರ ತರಲು ಬಹಳ ಪಾಡುಪಡುತ್ತಿದ್ದ. ಪಕ್ಕದಲ್ಲಿ ಹ್ಯಾಝೆಲ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

ಕೊನೆಗೊಂದು ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಕ್ಯಾಮೆರಾದ ಲೆಕ್ಕ ಸರಿಯಿದೆಯೇ ಎಂದು ತಾಳೆ ನೋಡಲು ಕಪ್ಪು, ಬೂದು, ಬಿಳಿ ಬಟ್ಟೆಗಳನ್ನು ನೆಲಕ್ಕೆ ಹಾಸಿದರು. ಗೂಟ ತರಲು ಕಾರಿನತ್ತ ಹೋಗಿ ತಿರುಗುವಷ್ಟರಲ್ಲಿ ಬಬೂನ್ ಮಂಗಗಳ ಹಿಂಡು ಬಂದಿತ್ತು. ದೊಡ್ಡ ಮಂಗವೊಂದು ಬಿಳಿ ಬಟ್ಟೆಯನ್ನು ದರದರ ಎಳೆದುಕೊಂಡು ಪ್ರಪಾತಕ್ಕೆ ಇಳಿದೇಬಿಟ್ಟಿತು.

ರೋಯ್ಸ್ಟನ್ ತಲೆ ಹಿಡಿದು ಕೂತ. "ವಿಮಾನ ಇನ್ನೇನು ಹೊರಡುತ್ತದೆ. ಬಿಳಿ ಇಲ್ಲದಿದ್ದರೆ ಎಲ್ಲ ದಂಡ."

"ಬೇರೆ ಬಿಳಿ ಬಟ್ಟೆ ಆಗುವುದಿಲ್ಲವಾ?"

"ಆಗುತ್ತದೆ. ಮೀಟರಿನಲ್ಲಿ ಹೊಳಪು ಅಳೆದುಕೊಂಡರೆ ಸಾಕು. ಆದರೆ ಇಲ್ಲಿ ಎಲ್ಲಿಂದ ತರುವುದು?"

ಹ್ಯಾಝೆಲ್ ಅಂದು ಹಾಸ್ಟೆಲಿಗೆ ಹೋಗಿ ಬಂದಿದ್ದಳು. ಕಾರಿನಲ್ಲಿದ್ದ ಬ್ಯಾಗಿನಿಂದ ಪ್ಲಾಸ್ಟಿಕ್ಕೂ ಬಿಚ್ಚದ ದೊಡ್ಡ ಬಿಳಿ ಬೆಡ್‌ಶೀಟ್ ತೆಗೆದಳು. ಮದುವೆಗೆ ಮಾಗ್ದಲಿನ್ ಚಿಕ್ಕಮ್ಮ ಕೊಟ್ಟದ್ದು. ಸ್ವಂತ ಸಂಸಾರ ಹೂಡಿದಾಗ ತೆಗೆಯೋಣ ಎಂದು ಇಟ್ಟದ್ದು.

"ಇದು ಬೇಡ ಹ್ಯಾಝೆಲ್, ಹಾಳಾಗುತ್ತದೆ."

"ಹೇಗೂ ಫ್ಲಾಟಿನ ಮಂಚಕ್ಕೆ ಹಾಕೋಣ ಅಂತಲೇ ಇವತ್ತು ತಂದದ್ದು. ಹಾಸು ಮಾರಾಯ."

ಅವನು ನಾಲ್ಕೂ ಮೂಲೆಗೆ ಗೂಟ ಹೊಡೆದ. ಅವಳು ಕೋಲು ಹಿಡಿದು ಕಾವಲು ನಿಂತಳು. ವಿಮಾನ ತಲೆಯ ಮೇಲೆ ಹಾದುಹೋದಾಗ ಕೋಲೆತ್ತಿ ಬೀಸಿದಳು.

ಮರುದಿನ ಜಲೀಲ್ ಫೋನ್: "ಚಿತ್ರ ಫಸ್ಟ್ ಕ್ಲಾಸ್! ಬಿಳಿಯ ಪಕ್ಕ ಒಂದು ಕಪ್ಪು ಚುಕ್ಕೆ ಉಂಟಲ್ಲ, ಅದೆಂತ?"

"ಅದು ನನ್ನ ಹೆಂಡತಿ ಸರ್. ಕಪ್ಪು ಅಬಾಯಾ ಹಾಕಿದ್ದಾಳೆ."

ಜೂನಿನಲ್ಲಿ ರೋಯ್ಸ್ಟನ್ ಕೆನಡಾಕ್ಕೆ ಹೋದ. ಅಲ್ಲಿಂದ ಫೋನಿನಲ್ಲಿ ಅವನಿಗೆ ಕಾಡಿನದೇ ಮಾತು. "ಕಾಡು ಮುಗಿಯುವುದೇ ಇಲ್ಲ ಹ್ಯಾಝೆಲ್. ನಡುನಡುವೆ ಕೆರೆ. ನೆಲದಡಿಯ ಮಂಜುಗಡ್ಡೆ ಕರಗಿದ ಕಡೆ ಮರಗಳೆಲ್ಲ ವಾಲಿ ನಿಂತಿವೆ."

"ನೀನು ನೆಟ್ಟಗಿದ್ದೀಯಾ?"

"ಮೊದಲ ದಿನ ವಿಮಾನದಲ್ಲಿ ವಾಂತಿ ಮಾಡಿದೆ. ಈಗ ಪರವಾಗಿಲ್ಲ."

ಇತ್ತ ಜಲೀಲ್ ಅಭಾದ ಚಿತ್ರಗಳನ್ನು ಅರಣ್ಯ ನೋಡಿಕೊಳ್ಳುವವರಿಗೆ ತೋರಿಸಿದ್ದರು. ಎಷ್ಟೊಂದು ಜ್ಯೂನಿಪರ್ ತುದಿಯಿಂದ ಒಣಗುತ್ತಿವೆ ಎಂದು ಅದರಲ್ಲಿ ಸ್ಪಷ್ಟವಿತ್ತು. ಪ್ರತಿ ವರ್ಷ ಹೀಗೇ ಅಳೆಯಿರಿ ಎಂದರು ಅವರು. ಅದಕ್ಕೆ ಅಭಾದಲ್ಲೇ ಒಬ್ಬ ಇರಬೇಕು. ಯಾರೆಂದು ಜಲೀಲ್ ಯಾರನ್ನೂ ಕೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಹ್ಯಾಝೆಲ್ ಹಾಸ್ಟೆಲಿನ ಬೀಗದ ಕೈ ಕೊಟ್ಟು ಕೆಳಗಿಳಿದಳು. ಹಳೇ ಫ್ರಿಜ್ಜು, ಮಂಚ ಹೇರಿದ ಪಿಕಪ್ಪಿನಲ್ಲಿ ರೋಯ್ಸ್ಟನ್ ಕಾದಿದ್ದ.

"ಗ್ಯಾಸ್ ಒಲೆ?" ಕೇಳಿದಳು.

"ಅಯ್ಯೋ, ಮರೆತೆ."

ಪಿಕಪ್ ಮತ್ತೆ ಪೇಟೆಯ ಕಡೆ ತಿರುಗಿತು.