ಶೇವಂತಾಬಾಯಿಯ ಪ್ರೋಟೀನು

ದಾಳಿಂಬ ಊರಿನ ಶೇವಂತಾಬಾಯಿಗೆ ಎದುರಿಗಿದ್ದವರ ಮಾತನ್ನು ಪೂರ್ತಿ ಕೇಳುವ ತಾಳ್ಮೆ ಹುಟ್ಟಿದಾಗಿನಿಂದಲೂ ಇಲ್ಲ. ಗಂಡ ಕಲ್ಯಾಣಪ್ಪ ಕೊರೋನಾ ಬಂದು, ಉಸಿರಾಡಲು ಒದ್ದಾಡುತ್ತ ಉಮರ್ಗಾದ ಆಸ್ಪತ್ರೆ ಸೇರಿದಾಗ ಆ ಗುಣವೇ ಅವಳಿಗೆ ಮುಳುವಾಯಿತು.

ಪುಣೆಯಲ್ಲಿ ಇಂಥ ವೈರಸ್ಸುಗಳ ಮೇಲೆಯೇ ಸಂಶೋಧನೆ ಮಾಡುವ ಮಗಳು ಮೀನಲ ಫೋನಿನಲ್ಲಿ ಹೇಳಿದಳು: “ಅವ್ವಾ, ಅಪ್ಪಗ ಒಂದು ಪ್ರೋಟೀನ್ ಕಮ್ಮಿ ಬಿದ್ದಿರಬೇಕು, ಅದಕ್ಕ...”

ಅಷ್ಟಕ್ಕೇ ಶೇವಂತಾಬಾಯಿ ಫೋನು ಕಟ್ ಮಾಡಿದಳು. ಪ್ರೋಟೀನು ಎಂದರೆ ತತ್ತಿ. ಅಂಗನವಾಡಿಯ ಗೋಡೆಯ ಮೇಲೆ ಚಿತ್ರವೇ ಇದೆಯಲ್ಲ! ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ, ತತ್ತಿ ಹೊಸ್ತಿಲು ದಾಟಿದ್ದೇ ಇಲ್ಲ. ಹೋದ ವರ್ಷ ಗಂಡನ ನಿಶ್ಶಕ್ತಿಗೆ ತತ್ತಿ ತಿನ್ನಿಸಿ ಎಂದ ಡಾಕ್ಟರ ಜೊತೆ ಜಗಳಾಡಿ ಎದ್ದು ಬಂದವಳೂ ಅವಳೇ. ಅಂದರೆ ಗಂಡನ ಜೀವಕ್ಕೆ ಎರವಾಗಿರುವುದು ತನ್ನ ಹಟ.

ಆಸ್ಪತ್ರೆಯ ಕಸ ಹೊಡೆಯುವ ಮುಕ್ತಾಬಾಯಿ, ಅವಳು ಗುಟ್ಟಾಗಿ ಕೇಳಿದ್ದಕ್ಕೆ, ಬೇಯಿಸಿದ ತತ್ತಿ ತಂದುಕೊಟ್ಟಳು. ಶೇವಂತಾಬಾಯಿ ಗೋಡೆಗೆ ಮುಖ ಮಾಡಿ, ಜೀವನದಲ್ಲಿ ಮೊದಲ ಸಲ ತತ್ತಿ ಸುಲಿದಳು. ತೊಗರಿಬೇಳೆಯಲ್ಲಿ ಕಿವುಚಿ ಗಂಡನಿಗೆ ಉಣಿಸಿದಳು. ಅವನ ಮೂಗಿಗೆ ವಾಸನೆ ಹತ್ತುತ್ತಿರಲಿಲ್ಲ, ಅದೊಂದೇ ಧೈರ್ಯ. ಮರುದಿನವೂ ಹಾಗೇ ಮಾಡಿದಳು. ಕಲ್ಯಾಣಪ್ಪನ ಉಸಿರು ಹಗುರಾಯಿತು. ಆದರೆ ತತ್ತಿ ಮುಟ್ಟಿದ ಅಂಗೈಯಲ್ಲಿ ಪೂಜೆಗೆ ಲಿಂಗ ಇಟ್ಟುಕೊಳ್ಳಲು ಅವಳಿಗೆ ಧೈರ್ಯವಾಗಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮೀನಲ ಬಂದಿಳಿದಳು. ವಾರ್ಡಿನ ಹೊರಗೆ ತಾಯಿ ಹೇಳಿದ್ದನ್ನು ಕೇಳಿ ತಲೆ ಚಚ್ಚಿಕೊಂಡಳು.

“ಅವ್ವಾ, ಅದು ತಿನ್ನೂ ಪ್ರೋಟೀನ್ ಅಲ್ಲ, ಮೈಯೇ ಮಾಡ್ಕೊಳ್ಳೂದು. ಜೋಳಕ್ಕ ಹಾಲು ತುಂಬಿದಾಗ ಹಕ್ಕಿ ಹೊಡ್ಯಾಕ ಕವಣಿ ಬೀಸ್ತೀರಲ್ಲ, ಹಕ್ಕಿ ಹಾರಿಹೋದ ಮ್ಯಾಲೂ ಬೀಸಿದ್ರ?”

“ಕಲ್ಲು ತೆನಿಗೇ ಬೀಳ್ತಾವ.”

“ಅಪ್ಪನ ಮೈಯಾಗೂ ಹಂಗೇ ಆಗ್ಯದ. ವೈರಸ್ ಹೊಡಿಯೂ ಬಿಳಿ ರಕ್ತಕಣಗಳಿಗಿ ‘ಸಾಕು, ಕವಣಿ ಇಳಸ್ರಿ’ ಅಂತ ಹೇಳೂ ಪ್ರೋಟೀನ್ ಕಮ್ಮಿ ಇದ್ದೀತು ಅಂತ ನನ್ನ ಅಂದಾಜು. ಅವು ಶ್ವಾಸಕೋಶಕ್ಕೇ ಹೊಡ್ಯಾಕತ್ತಿದ್ವು. ಡಾಕ್ಟರ್ ಅವನ್ನ ಸುಮ್ಮನ ಕೂಡಿಸೂ ಇಂಜೆಕ್ಷನ್ ಕೊಟ್ಟಾರ. ನಿನ್ನ ಹಟದಿಂದ ಏನೂ ಆಗಿಲ್ಲ.”

ಶೇವಂತಾಬಾಯಿಯ ಎದೆಯ ಭಾರ ಇಳಿಯಿತು. ಇಳಿದಷ್ಟೇ ಬೇಗ ಇನ್ನೊಂದು ಏರಿತು. “ಹಂಗಾದ್ರ ಅವರ ಧರ್ಮ ಸುಮ್ಮನೇ ಕೆಡಿಸಿದೆನೇನ?”

ಮುಚ್ಚಿಡುವುದು ಅವಳಿಂದ ಆಗದ ಕೆಲಸ. ನೇರ ಒಳಗೆ ಹೋಗಿ ಗಂಡನ ಕಾಲು ಹಿಡಿದಳು. “ನಿಮ್ಮ ಬ್ಯಾಳ್ಯಾಗ ನಾ ತತ್ತಿ ಹಾಕಿದ್ದೆರೀ.”

ಕಲ್ಯಾಣಪ್ಪ ದಿಂಬಿನ ಅಡಿಯಿಂದ ಒಂದು ಕಾಗದದ ಚೂರು ತೆಗೆದು ಬಿಡಿಸಿದ. ಒಳಗೆ ಉಗುರಿನಷ್ಟು ತತ್ತಿಯ ಸಿಪ್ಪೆ ಇತ್ತು.

“ಮೊದಲನೇ ದಿನಾನೇ ಹಲ್ಲಿಗಿ ಸಿಕ್ಕಿತ್ತು. ಮೂಗು ಹೋಗಿತ್ತು, ಹಲ್ಲು ಹೋಗಿದ್ದಿಲ್ಲ.”

“ಮತ್ತ ಯಾಕ ನುಂಗಿದ್ರಿ?”

“ಚಮಚ ಹಿಡಿದು ನೀ ನನ್ನ ಬಾಯೇ ನೋಡ್ತಿದ್ದಿ. ನಾ ಉಗುಳಿದ್ರ ನೀ ಉಳೀತಿದ್ದಿಲ್ಲ.”

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕಲ್ಯಾಣಪ್ಪ ಅವಳ ಕೈ ಹಿಡಿದು, ಅಂಗೈಯನ್ನು ಮೇಲೆ ಮಾಡಿದ.

“ಮೀನಲ, ಅವ್ವಗ ವಿಭೂತಿ ಕೊಡು. ಪೂಜಿ ಆಗದ ಆಕಿ ಉಣ್ಣಾಂಗಿಲ್ಲ. ಎರಡು ದಿನ ಆಯ್ತು, ನನಗ ಉಣಿಸಿ ತಾ ಉಪಾಸ ಕುಂತಾಳ.”