ಸುಶೀಲತ್ತೆಗೆ ತವರಿನ ಸೀರೆ

ಸತ್ತ ಹೆಣ್ಣುಮಗಳಿಗೆ ಕಡೆಯದಾಗಿ ಹೊದಿಸುವ ಸೀರೆ ತವರಿನಿಂದಲೇ ಬರಬೇಕು. ಅಪ್ಪ, ಚಿಕ್ಕಪ್ಪ ಎಲ್ಲ ಹೋದ ಮೇಲೆ ಸುಶೀಲತ್ತೆಗೆ ತವರು ಅಂತ ಉಳಿದಿದ್ದವನು ನಾನೊಬ್ಬನೇ. ಆಕೆಯ ಗಂಡ ಹೂವಪ್ಪ ಮಾವನ ಫೋನು ಬಂದಾಗ ನರಗುಂದದ ಮಾರ್ಕೆಟ್ಟಿನಲ್ಲಿ ಕಡಲೆ ಚೀಲ ತೂಗಿಸುತ್ತಿದ್ದೆ. ಸುಗ್ಗಿ, ಮೂರು ದಿನದಿಂದ ಬೆನ್ನು ನೆಲಕ್ಕೆ ಹಚ್ಚಿರಲಿಲ್ಲ.

"ನಿಮ್ಮತ್ತಿ ಹೋದಳೋ ಕಳಕೇಶ. ಹೊತ್ತು ಮುಳುಗೂದ್ರಾಗ ಮಣ್ಣು ಕೊಡಬೇಕು. ಸೀರಿ ತಗೊಂಡು ಲಗೂ ಬಾ."

ನಮ್ಮವ್ವ ಸತ್ತಾಗ ನನಗೆ ಏಳು ವರ್ಷ. ಅಪ್ಪನ ಅಕ್ಕ ಈ ಸುಶೀಲತ್ತೆ ನನ್ನನ್ನು ಗಜೇಂದ್ರಗಡಕ್ಕೆ ಕರೆದೊಯ್ದು ತನ್ನ ಮಗ್ಗದ ಪಕ್ಕದಲ್ಲೇ ಬೆಳೆಸಿದಳು, ನೇಯುವುದು ಕಲಿಸಿದಳು. ಇಪ್ಪತ್ತಕ್ಕೆ ನಾನು ಬೇಸತ್ತು ಮಗ್ಗ ಬಿಟ್ಟು ಹೊರಟಾಗ ಬೈಯಲಿಲ್ಲ. "ಕಾಳಕಾಲೇಶ್ವರ ಎಲ್ಲಿಟ್ರೂ ಚಲೋ ಇಡ್ತಾನ" ಅಂದಳು, ಅಷ್ಟೇ. ಆಕೆಗೆ ಎಲ್ಲದಕ್ಕೂ ಆ ಗುಡ್ಡದ ದೇವರೇ. ಕಳಕೇಶ ಅಂತ ನನಗೆ ಅವನ ಹೆಸರು ಇಡಿಸಿದವಳೂ ಆಕೆಯೇ. ಹೆಸರು ಬಂತು, ಭಕ್ತಿ ಬರಲಿಲ್ಲ, ಅದಕ್ಕೂ ಬೈಯಲಿಲ್ಲ.

ರೋಣದಲ್ಲಿ ಬಸ್ಸು ಬದಲಿಸುವಾಗ ಸೀರೆ ಕೊಂಡೆ. ಅಂಗಡಿಯವನು "ಪಕ್ಕಾ ಕೈಮಗ್ಗದ್ದು ಅಣ್ಣಾರ" ಎಂದ. ಬಿಚ್ಚಿ ನೋಡುವಷ್ಟೂ ತ್ರಾಣ ಇರಲಿಲ್ಲ. ಮುಂದಿನ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದೆ. ಅತ್ತೆ ಸತ್ತ ದಿನ ನಿದ್ದೆ ಬಂದದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಪಡಸಾಲೆಯಲ್ಲಿ ಅತ್ತೆಯನ್ನು ಗೋಡೆಗೆ ಆನಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂ ಏರಿಸಿದ್ದರು. ಭಜನೆ ನಡೆದಿತ್ತು. ಆಕೆಯ ಸರೀಕಳಾದ ಪಕ್ಕದ ಮನೆಯ ಮುದುಕಿ ಹೊನ್ನವ್ವ ನನ್ನ ಕೈಯಿಂದ ಸೀರೆ ತೆಗೆದುಕೊಂಡು ಅಳುತ್ತಲೇ ಬಿಚ್ಚಿದಳು, ಅಳುತ್ತಲೇ ಸೆರಗು ಹೊರಳಿಸಿದಳು. ಸೀರೆಯ ಮೈಯೂ ಸೆರಗೂ ಕೂಡುವಲ್ಲಿ ಎಳೆಗೆ ಎಳೆ ಕೈಯಿಂದಲೇ ಸೇರಿಸಿದ ಕೊಂಡಿ ಇರಬೇಕು. ಅಲ್ಲಿ ಉಗುರಾಡಿಸಿದಳು. ಅಳು ನಿಂತಿತು. ನೇಕಾರ ಹೆಂಗಸರು ಹೆಣದ ಮುಂದೆಯೂ ಸೀರೆ ಪರೀಕ್ಷೆ ಬಿಡುವವರಲ್ಲ.

"ಕೊಂಡಿನ ಇಲ್ಲಲ್ಲೋ ಇದಕ್ಕ. ಮಶೀನಿಂದು."

ಸೀರೆ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಸೆರಗು ಹೊರಳಿಸಿದರು, ಯಾರೂ ನನ್ನ ಮುಖ ನೋಡಲಿಲ್ಲ. ಮಗ್ಗದ ಅನ್ನ ಉಂಡು ಬೆಳೆದವನು ಮಶೀನಿನ ಸೀರೆ ತಂದಿದ್ದೆ, ಅದೂ ಜನ್ಮದಲ್ಲಿ ಅಂಥದನ್ನು ಮೈಗೆ ಹಚ್ಚದವಳಿಗೆ. ಇದನ್ನು ಹೊದಿಸಿ ಕಳಿಸಿದರೆ ನಾನು ಬದುಕಿರುವವರೆಗೂ ನನ್ನ ಮುಖ ನಾನೇ ನೋಡಿಕೊಳ್ಳಲಾರೆ ಅನ್ನಿಸಿತು.

"ಮಾವಾ, ಅತ್ತಿ ಮಗ್ಗದಾಗ ಏನರ ಐತೇನು?"

"ಐತಿ. ತನಗಂತನ ನೇಯಾಕತ್ತಿದ್ದಳು. ಯುಗಾದಿಗೆ ಉಟ್ಟು ಗುಡ್ಡ ಹತ್ತತೀನಿ ಅಂತಿದ್ದಳು. ಇನ್ನೊಂದು ಗೇಣು ಉಳದೈತಿ." ಮಾವ ಕಣ್ಣೊರೆಸಿಕೊಂಡ. "ಆದ್ರ ಅದು ಈ ಮನಿ ಸೀರಿ ಆತಲ್ಲೋ. ತವರಿಂದು ಹ್ಯಾಂಗ ಆಗತೈತಿ?"

ಹೊನ್ನವ್ವ ಅಂಗಳದ ಬಿಸಿಲು ನೋಡಿದಳು. "ಉಳದ ಗೇಣು ಇಂವ ನೇಯಲಿ. ತವರಿನ ಕೈಲೆ ಮುಗದದ್ದು ತವರಿನ ಸೀರಿ. ಶಿವ ಏನ್ ಒಲ್ಲೆ ಅಂತಾನ?"

ಸತ್ತ ಮನೆಯಲ್ಲಿ ಮಗ್ಗ ಆಡಿಸುವುದುಂಟೇ ಎಂದು ಮಾವ ಗೊಣಗಿದ. ಹೊನ್ನವ್ವ ಕಿವಿಗೆ ಹಾಕಿಕೊಳ್ಳಲಿಲ್ಲ.

ಇಪ್ಪತ್ತೈದು ವರ್ಷದ ಮೇಲೆ, ಪಡಸಾಲೆಯ ಪಕ್ಕದ ಕೋಣೆಯಲ್ಲಿ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದೆ. ಮೊಣಕಾಲು ಬೇಡ ಅಂದವು. ಮಗ್ಗದ ಕಂಬಕ್ಕೆ ಅತ್ತೆ ನಿನ್ನೆ ಹಚ್ಚಿದ ವಿಭೂತಿ ಇನ್ನೂ ಇತ್ತು. ಬೆರಳಿಗೆ ತೆಗೆದುಕೊಂಡು ಹಣೆಗೆ ಹಚ್ಚಿದೆ. ಕಾಳಕಾಲೇಶ್ವರಾ, ಇದೊಂದು ಗೇಣು ದಾಟಿಸಪ್ಪಾ ಎಂದೆ. ನಾನಾಗಿ ಅವನನ್ನು ಬೇಡಿದ್ದು ಅದೇ ಮೊದಲು.

ಮೊದಲ ಸಾಲುಗಳು ಸೊಟ್ಟ ಬಿದ್ದವು. ಆಮೇಲೆ ಕಾಲಿಗೆ ನೆನಪಾಯಿತು, ಲಾಳಿ ಓಡತೊಡಗಿತು. ಭುಜ ಸೇದುತ್ತಿತ್ತು. ಅತ್ತೆಯ ನೇಯ್ಗೆ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತೆಂಬುದು ಕುರುಡನಿಗೂ ತಿಳಿಯುವಂತಿತ್ತು. ಎರಡು ಬೆರಳು ಉಳಿದಿರುವಾಗ ಎಳೆಯೊಂದು ಪಟ್ಟನೆ ಹರಿಯಿತು.

"ಅತ್ತೀ, ಎಳಿ ಹರೀತು!" ಎಂದು ಕೂಗಿಬಿಟ್ಟೆ.

ಹುಡುಗನಾಗಿದ್ದಾಗ ದಿನಕ್ಕೆ ಹತ್ತು ಸಲ ಹೀಗೆ ಕೂಗುತ್ತಿದ್ದೆ. ಆಕೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದು ಗಂಟು ಹಾಕಿ ಹೋಗುತ್ತಿದ್ದಳು. ನಾಲಿಗೆಗೆ ಸಾವಿನ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಭಜನೆ ನಿಂತಿತು. ಬಾಗಿಲ ಬಳಿ ನಿಂತಿದ್ದ ಮಾವ ಗೋಡೆ ಹಿಡಿದು ಕುಸಿದು ಕೂತ. ನಾನು ಬಾಗಿಲ ಕಡೆಗೇ ನೋಡುತ್ತಿದ್ದೆ. ಬಂದವಳು ಹೊನ್ನವ್ವ. ಎಳೆ ಮುಟ್ಟಲಿಲ್ಲ, ನನ್ನ ತಲೆಯ ಮೇಲೆ ಕೈಯಿಟ್ಟಳು.

"ಗಂಟು ನೀನ ಹಾಕ್ಕೋ ತಮ್ಮಾ," ಎಂದಳು. "ಆಕಿ ಎದ್ದು ಬರಂಗಿಲ್ಲ. ತಯಾರಾಗಿ ಕುಂತಾಳ, ನಿನ್ನ ಸೀರಿ ಹಾದಿ ಕಾಯಾಕತ್ತಾಳ."

ಕಣ್ಣು ತುಂಬಿ ಎಳೆಯೇ ಕಾಣುತ್ತಿರಲಿಲ್ಲ. ಬೆರಳಿನಲ್ಲೇ ತಡಕಾಡಿ ಎರಡೂ ತುದಿ ಹಿಡಿದೆ. ಮೂರನೆಯ ಸಲಕ್ಕೆ ಗಂಟು ನಿಂತಿತು.